ಹಾಳೆ ಕಟ್ಟದ ಟ್ರೇ: ಬ್ಯಾಕ್ಟೀರಿಯಾ ಸೆಲ್ಯುಲೋಸ್ ಬೆಳೆಸುವವರಿಗೊಂದು ದೋಷ ನಿವಾರಣೆ ಕೈಪಿಡಿ

ಡಿಸೆಂಬರ್ ಬಂತೆಂದರೆ ನನಗೆ ಒಂದೇ ಬಗೆಯ ಫೋನ್ ಕರೆಗಳು ಬರುತ್ತವೆ. ‘ಹತ್ತು ದಿನವಾಯಿತು, ಟ್ರೇಯಲ್ಲಿ ಇನ್ನೂ ನೀರೇ ಇದೆ. ಸಕ್ಕರೆ ಹೆಚ್ಚಿಸಲೇ?’ ಬೆಂಗಳೂರಿನ ಯಾವ ಅಡುಗೆಮನೆಯಲ್ಲಿ ಕೇಳಿದರೂ ಹೇಳುತ್ತಾರೆ, ಆ ತಿಂಗಳಲ್ಲಿ ದೋಸೆ ಹಿಟ್ಟು ರಾತ್ರಿ ಉಬ್ಬುವುದಿಲ್ಲ. ಹಾಗೆಂದು ಯಾರೂ ಉದ್ದಿನಬೇಳೆಯನ್ನು ಎರಡು ಪಟ್ಟು ಮಾಡುವುದಿಲ್ಲ. ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತಾರೆ. ಸೆಲ್ಯುಲೋಸ್ ಟ್ರೇಗೆ ಬೇಕಾದದ್ದೂ ಅದೇ ವಿವೇಕ. ನಾನು ಏಳು ವರ್ಷಗಳಿಂದ ರಾಜಾಜಿನಗರದ ಒಂದು ಕೋಣೆಯಲ್ಲಿ, ಸಕ್ಕರೆಯ ದ್ರಾವಣದ ಮೇಲೆ ಬ್ಯಾಕ್ಟೀರಿಯಾ ನೇಯುವ ಈ ಸೆಲ್ಯುಲೋಸ್ (ಹತ್ತಿಯ ನಾರಿನಲ್ಲಿರುವ ವಸ್ತುವೇ) ಹಾಳೆಗಳನ್ನು ಬೆಳೆಸುತ್ತಿದ್ದೇನೆ. ಕೆಟ್ಟ ಟ್ರೇಗಳಲ್ಲಿ ಹೆಚ್ಚಿನವು ಪಾಕದ ತಪ್ಪಿನಿಂದ ಕೆಟ್ಟವಲ್ಲ. ದ್ರಾವಣವೂ ಗಾಳಿಯೂ ಸೇರುವ ಆ ಒಂದು ಗೆರೆಯಲ್ಲಿ ಏನೋ ಎಡವಟ್ಟಾಗಿರುತ್ತದೆ. ಆದ್ದರಿಂದ ಮೊದಲು ಮೇಲ್ಮೈಯನ್ನು ನೋಡಿ, ಪಾಕದ ಚೀಟಿಯನ್ನು ಆಮೇಲೆ ತೆಗೆಯಿರಿ.

ಕಾರಣ ಸರಳವಾಗಿದೆ. ಹಾಳೆ ನೇಯುವ ಕೊಮಗಟೈಬ್ಯಾಕ್ಟರ್ ಕ್ಸೈಲಿನಸ್ (ಹಳೆಯ ಪುಸ್ತಕಗಳಲ್ಲಿ ಅಸಿಟೋಬ್ಯಾಕ್ಟರ್ ಕ್ಸೈಲಿನಂ) ಆಮ್ಲಜನಕವಿಲ್ಲದೆ ಬದುಕದ ಜೀವಿ. ವಿನೆಗರ್ ಮೇಲೆ ಕಟ್ಟುವ ಲೋಳೆಯಂಥ ಪೊರೆಯನ್ನು ಪರೀಕ್ಷಿಸಿ, ಅದು ಸೆಲ್ಯುಲೋಸ್ ಎಂದು 1886ರಲ್ಲಿ ಎ. ಜೆ. ಬ್ರೌನ್ ತೋರಿಸಿಕೊಟ್ಟರು. ಪ್ರತಿ ಕೋಶವೂ ತನ್ನ ಉದ್ದಕ್ಕೆ ಸಾಲಾಗಿರುವ ರಂಧ್ರಗಳಿಂದ ಸೆಲ್ಯುಲೋಸ್ ಎಳೆಗಳನ್ನು ಹೊರಹಾಕುತ್ತದೆ. ಎಳೆಗಳು ಒಂದಕ್ಕೊಂದು ಕೂಡಿ 20ರಿಂದ 100 ನ್ಯಾನೊಮೀಟರ್ ಅಗಲದ ಪಟ್ಟಿಯಾಗುತ್ತವೆ. ಹತ್ತಿಯ ನಾರು ಇದಕ್ಕಿಂತ ನೂರಾರು ಪಟ್ಟು ದಪ್ಪ. ಇಂಥ ಲೆಕ್ಕವಿಲ್ಲದಷ್ಟು ಪಟ್ಟಿಗಳು ಹೆಣೆದುಕೊಂಡು ಹಾಳೆಯಾಗುತ್ತದೆ. ಉಸಿರಾಡಲು ಮೇಲೆ ಗಾಳಿ, ಉಣ್ಣಲು ಕೆಳಗೆ ಸಕ್ಕರೆ ಇರುವುದರಿಂದ ನೇಯ್ಗೆಯೆಲ್ಲ ಆ ಗಡಿಯಲ್ಲೇ ನಡೆಯುತ್ತದೆ.

ಸರಿಯಾದ ಹಾಳೆಯ ಗುರುತು

ಯಾವುದು ದೋಷ ಎಂದು ತಿಳಿಯಲು ಯಾವುದು ಸರಿ ಎಂದು ಗೊತ್ತಿರಬೇಕು. 28ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡದೆ ಕುಳಿತ ಟ್ರೇಯಲ್ಲಿ ಎರಡನೆಯ ಅಥವಾ ಮೂರನೆಯ ದಿನ ಹಾಲಿನ ಕೆನೆಯಂಥ ತೆಳು ಪೊರೆ ಕಾಣಿಸುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಅದು ತೆಳ್ಳೇವಿನ ದಪ್ಪದಿಂದ ತಟ್ಟೆ ಇಡ್ಲಿಯ ದಪ್ಪದತ್ತ ಸಾಗುತ್ತದೆ. ಎತ್ತಿದರೆ ಜಾರುತ್ತದೆ, ತೂಗುತ್ತದೆ, ಆದರೆ ಹರಿಯುವುದಿಲ್ಲ.

ದಪ್ಪವನ್ನು ಮಾತ್ರ ನಂಬಬೇಡಿ, ಅದರಲ್ಲಿ ನೂರಕ್ಕೆ 99 ಪಾಲು ನೀರು. ನೂರು ಗ್ರಾಂ ಹಸಿ ಹಾಳೆ ಒಣಗಿದರೆ ಕೈಗೆ ಸಿಗುವುದು ಸುಮಾರು ಒಂದು ಗ್ರಾಂ. ಒಂದೇ ಟ್ರೇಯನ್ನು ಎರಡು ಸಲ ಹೋಲಿಸುವಾಗ ಒಣ ತೂಕವನ್ನೇ ಬರೆದಿಡಿ. ಹೆಸ್ಟ್ರಿನ್ ಮತ್ತು ಶ್ರಾಮ್ 1954ರಲ್ಲಿ ಕೊಟ್ಟ ದ್ರಾವಣದಲ್ಲಿ ಬೆಳೆಸಿದರೆ ನಮ್ಮ ಕೋಣೆಯಲ್ಲಿ ಲೀಟರಿಗೆ 2ರಿಂದ 4 ಗ್ರಾಂ ಒಣ ಹಾಳೆ ಬರುತ್ತದೆ. ಅದರ ಅಳತೆ ಲೀಟರಿಗೆ ಹೀಗಿದೆ: ಗ್ಲೂಕೋಸ್ 20 ಗ್ರಾಂ, ಪೆಪ್ಟೋನ್ 5, ಯೀಸ್ಟ್ ಸಾರ 5, ಡೈಸೋಡಿಯಂ ಫಾಸ್ಫೇಟ್ 2.7, ಸಿಟ್ರಿಕ್ ಆಮ್ಲ 1.15. ಆರಂಭದ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6. ದೋಷ ಹುಡುಕುವ ಕಾಲದಲ್ಲಿ ಈ ಅಳತೆಯಿಂದ ಆಚೀಚೆ ಹೋಗಬೇಡಿ. ತೆಂಗಿನ ನೀರು, ಬೆಲ್ಲ, ಹಣ್ಣಿನ ರಸ ಎಲ್ಲದರಲ್ಲೂ ಹಾಳೆ ಬೆಳೆಯುತ್ತದೆ. ಫಿಲಿಪ್ಪೀನ್ಸ್‌ನವರು ತೆಂಗಿನ ನೀರಿನಲ್ಲಿ ಬೆಳೆಸಿ ‘ನಾಟಾ ಡಿ ಕೊಕೊ’ ಎಂಬ ಸಿಹಿ ತಿನಿಸನ್ನೇ ಮಾಡುತ್ತಾರೆ. ಆದರೆ ಪ್ರತಿ ಕಾಯಿಯ ನೀರಿನಲ್ಲೂ ಸಕ್ಕರೆಯ ಪ್ರಮಾಣ ಬೇರೆ. ತಪ್ಪು ಹುಡುಕುವಾಗ ಅಳತೆ ಬದಲಾಗುವ ವಸ್ತು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಮೇಲೆ ಕಟ್ಟಿದ್ದು ನಿಜಕ್ಕೂ ಸೆಲ್ಯುಲೋಸೋ ಅಲ್ಲವೋ ಎಂಬ ಅನುಮಾನವಿದ್ದರೆ ಉಗುರಿನಷ್ಟು ತುಂಡನ್ನು ನೂರಕ್ಕೆ ಎರಡರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ 80 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಯೀಸ್ಟ್ ಕಟ್ಟಿದ ಪೊರೆ ಕರಗಿ ಚದುರುತ್ತದೆ, ಸೆಲ್ಯುಲೋಸ್ ಬಿಳುಪಾಗಿ ಗಟ್ಟಿಯಾಗಿಯೇ ಉಳಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಾಳೆಯೇ ಕಟ್ಟಿಲ್ಲ

ಬೆಳಗಿನ ಐದು ಗಂಟೆಗೆ ಥರ್ಮಾಮೀಟರನ್ನು ದ್ರಾವಣದೊಳಗೆ ಇಳಿಸಿ ನೋಡಿ. ಗೋಡೆಗೆ ತೂಗುಹಾಕಿದ್ದು ಬೇಡ, ಮಧ್ಯಾಹ್ನದ ಅಂಕಿಯೂ ಬೇಡ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ. ದ್ರಾವಣ 20ರ ಆಸುಪಾಸಿಗೆ ಬಂದರೆ ನೇಯ್ಗೆ ತೀರಾ ನಿಧಾನವಾಗುತ್ತದೆ, ಹಗಲಿನ ಕೆಲವೇ ಗಂಟೆಗಳ ಬಿಸುಪು ಅದನ್ನು ಸರಿದೂಗಿಸುವುದಿಲ್ಲ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನೀರು ತುಂಬಿದ ಬಾಟಲಿಯೊಂದನ್ನಿಟ್ಟು, ಮೀನಿನ ತೊಟ್ಟಿಯ ಸಣ್ಣ ಹೀಟರನ್ನು ಅದರಲ್ಲಿ ಮುಳುಗಿಸಿದರೆ ಸಾಕು. ಬಲ್ಬ್ ಇಟ್ಟರೆ ಅದರ ಕೆಳಗಿನ ಮೂಲೆ ಮಾತ್ರ ಕಾಯುತ್ತದೆ, ಹಾಳೆ ಓರೆಯಾಗಿ ಬೆಳೆಯುತ್ತದೆ. ಏಪ್ರಿಲಿನಲ್ಲಿ ಇದರ ತಿರುವುಮುರುವು: ತಾರಸಿಯ ಕೆಳಗಿನ ಕೋಣೆ 35 ದಾಟಿದರೆ ಬ್ಯಾಕ್ಟೀರಿಯಾ ಸೊರಗುತ್ತದೆ. ಆಗ ಟ್ರೇಗಳನ್ನು ನೆಲಮಹಡಿಗೆ ಇಳಿಸಿ.

ತಾಪ ಸರಿಯಿದ್ದರೆ ಮುಚ್ಚಳ ನೋಡಿ. ಧೂಳಿಗೆ ಹೆದರಿ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿದವರನ್ನು ನಾನು ಬಹಳ ಕಂಡಿದ್ದೇನೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯ ಎರಡು ಪದರ ಸಾಕು. ದ್ರಾವಣದ ಆಳ ಎರಡು ಸೆಂಟಿಮೀಟರ್ ಮೀರದಿರಲಿ. ಎತ್ತರದ ಜಾಡಿಗಿಂತ ಅಗಲವಾದ ಟ್ರೇ ಯಾವಾಗಲೂ ಮೇಲು, ಏಕೆಂದರೆ ಇಲ್ಲಿ ಬೆಳೆ ತೆಗೆಯುವ ಹೊಲವೆಂದರೆ ಮೇಲ್ಮೈಯೇ.

ನೀರಿನ ಮಾತು ಬೆಂಗಳೂರಿನಲ್ಲಿ ಎರಡು ಬಗೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುದಿಸದೆ ನೇರ ಬಳಸಿದರೆ ಹೆಪ್ಪಿನ (ಹಾಳೆ ಶುರು ಮಾಡಲು ಹಾಕುವ ಬ್ಯಾಕ್ಟೀರಿಯಾ ದ್ರಾವಣ) ಒಂದು ಪಾಲು ಮೊದಲೇ ಸಾಯುತ್ತದೆ. ಬೋರ್‌ವೆಲ್ ನೀರಿನ ಗಡಸುತನ ಫಾಸ್ಫೇಟ್ ಜೊತೆ ಸೇರಿ ದ್ರಾವಣವನ್ನು ಕಲಕು ಮಾಡುತ್ತದೆ. ದೋಷ ಹುಡುಕುವ ಟ್ರೇಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಿ.

ಇನ್ನು ಹೆಪ್ಪು. ಮೊಸರಿಗೆ ಹಾಕುವಂತೆ ಒಂದು ಚಮಚೆ ಹಾಕಿ ಬಿಟ್ಟರೆ ಬೇರೆ ಜೀವಿಗಳು ಮುಂದೆ ಓಡುತ್ತವೆ. ದ್ರಾವಣದ ಹತ್ತನೆಯ ಒಂದು ಪಾಲಾದರೂ ಹೆಪ್ಪು ಇರಲಿ, ಅದೂ ಎರಡು ಮೂರು ದಿನದ ಎಳೆಯದು.

ಹಾಳೆ ಚಿರೋಟಿಯಂತೆ ಪದರ ಬಿಡುತ್ತದೆ

ಈ ದೋಷದ ಮೇಲೆ ನಾನು ಹೆಚ್ಚು ಹೊತ್ತು ಕಳೆದಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗೆಳೆಯರೊಬ್ಬರು ನಾಲ್ಕು ಟ್ರೇಗಳನ್ನು ಒಂದೇ ಪಾತ್ರೆಯ ದ್ರಾವಣ, ಒಂದೇ ಹೆಪ್ಪಿನಿಂದ ಶುರು ಮಾಡುತ್ತಿದ್ದರು. ಮೂರು ಚೆನ್ನಾಗಿ ಬರುತ್ತಿದ್ದವು, ಒಂದು ಮಾತ್ರ ಪ್ರತಿ ಸಲವೂ ಕೆಡುತ್ತಿತ್ತು. ಕೆಟ್ಟ ಹಾಳೆಯ ಅಂಚನ್ನು ಚಿಮಟದಿಂದ ಹಿಡಿದು ಎಳೆದೆ. ಎರಡಾಯಿತು. ಮತ್ತೆ ಎಳೆದೆ, ಮೂರಾಯಿತು. ಕೊನೆಗೆ ಮೇಜಿನ ಮೇಲೆ ಹನ್ನೊಂದು ಪದರಗಳು ಸಾಲಾಗಿ ಮಲಗಿದವು. ಕೆಲವು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು, ಕೆಲವು ಬಾಳೆಲೆಯಷ್ಟು ದಪ್ಪ, ನಡುವೆ ತಿಳಿ ದ್ರಾವಣದ ತೆಳ್ಳನೆಯ ಕೆರೆಗಳು. ಆ ಟ್ರೇ ಇದ್ದದ್ದು ಫ್ರಿಜ್ಜಿನ ತಲೆಯ ಮೇಲೆ. ಬೆಚ್ಚಗಿರುತ್ತದೆ ಎಂದು ಅಲ್ಲಿಟ್ಟಿದ್ದರು, ಆಲೋಚನೆ ತಪ್ಪೇನೂ ಅಲ್ಲ. ಅಲ್ಲಿಯೇ ಒಂದು ಸ್ಟೀಲ್ ಲೋಟವನ್ನು ಕಂಠಪೂರ್ತಿ ನೀರು ತುಂಬಿ ಇಟ್ಟೆವು. ನೀರಿನಲ್ಲಿ ಟ್ಯೂಬ್‌ಲೈಟಿನ ಬಿಂಬ ಗೆರೆಯಂತೆ ನೇರವಾಗಿತ್ತು. ಕಂಪ್ರೆಸರ್ ಶುರುವಾದ ಕೂಡಲೇ ಆ ಗೆರೆ ಒಡೆದು ನಡುಗತೊಡಗಿತು.

ನಡೆದದ್ದು ಇಷ್ಟು. ಎಳೆಯ ಹಾಳೆ ತೇಲುತ್ತಿರುವುದು ಅಂಚಿನ ಆಸರೆಯಿಂದ. ಜೋರು ಅಲುಗಾಟಕ್ಕೆ ಆಸರೆ ಬಿಟ್ಟು ಕೂದಲೆಳೆಯಷ್ಟು ಮುಳುಗಿದರೂ ಮೇಲೆ ದ್ರಾವಣ ಹರಿಯುತ್ತದೆ. ಮುಳುಗಿದ ಕೋಶಗಳಿಗೆ ಉಸಿರು ಕಟ್ಟುತ್ತದೆ, ಅವು ನೇಯ್ಗೆ ನಿಲ್ಲಿಸುತ್ತವೆ. ದ್ರಾವಣದಲ್ಲಿ ತೇಲಾಡುತ್ತಿದ್ದ ಬೇರೆ ಕೋಶಗಳು ಮೇಲೆ ಬಂದು ಹೊಸ ಹಾಳೆ ಶುರು ಮಾಡುತ್ತವೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ನಾರಿನ ಹೆಣಿಗೆ ಇರುವುದಿಲ್ಲ. ಚೆನ್ನಾಗಿ ಬೆಳೆದ ಹಾಳೆಯಲ್ಲೂ ನಾರುಗಳು ಹೆಚ್ಚಾಗಿ ಅಡ್ಡಡ್ಡಲಾಗಿಯೇ ಮಲಗಿರುವುದರಿಂದ ಅದು ಎಳೆತಕ್ಕೆ ಬಲು ಗಟ್ಟಿ, ಪದರ ಬಿಡಿಸುವ ಬಲಕ್ಕೆ ಸ್ವಭಾವತಃ ಮೆದು. ಅಲುಗಾಟ ಆ ಮೆದುತನವನ್ನು ಬಿರುಕಾಗಿಸುತ್ತದೆ.

ಫ್ರಿಜ್ ಇಲ್ಲದಿದ್ದರೆ ಬೇರೆ ಅಪರಾಧಿಗಳನ್ನು ಹುಡುಕಿ: ನೀರೆತ್ತುವ ಪಂಪ್ ಇರುವ ಗೋಡೆ, ಭಾರಿ ಲಾರಿಗಳು ಓಡುವ ರಸ್ತೆಗೆ ತಾಗಿದ ಕೋಣೆ, ಧಡಾರನೆ ಮುಚ್ಚಿಕೊಳ್ಳುವ ಬಾಗಿಲು. ಎಲ್ಲಕ್ಕಿಂತ ಹೆಚ್ಚಾಗಿ ನೋಡುವ ಆಸೆ. ಹೊಸಬರು ದಿನಕ್ಕೆರಡು ಸಲ ಟ್ರೇಯನ್ನು ಬೆಳಕಿಗೆ ಓರೆ ಮಾಡುತ್ತಾರೆ. ನಾಲ್ಕು ಪದರ ಬಂದಿದ್ದರೆ ನಾಲ್ಕು ಸಲ ಮುಟ್ಟಿದ್ದಾರೆಂದು ಬಹುಮಟ್ಟಿಗೆ ಲೆಕ್ಕ ಹಾಕಬಹುದು. ದ್ರಾವಣ ಬತ್ತಿದೆಯೆಂದು ಮೇಲಿನಿಂದ ಸುರಿಯುವುದೂ ಇದೇ ಪಾಪ. ಅಂಚಿನ ಪಕ್ಕದಿಂದ ಸಣ್ಣ ಕೊಳವೆ ಇಳಿಸಿ ಕೆಳಗೆ ತುಂಬಿಸಿ, ಹಾಳೆಯ ಬೆನ್ನು ಒದ್ದೆಯಾಗದಿರಲಿ. ಟ್ರೇಯ ಕೆಳಗೆ ದಪ್ಪ ರಬ್ಬರ್ ಹಾಸು, ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ನೋಡುವುದು, ಎರಡೂ ಒಂದೇ ದಿನದಲ್ಲಿ ಆಗುವ ಕೆಲಸ.

ಪದರದ ದೋಷ ಎಲ್ಲ ಬಳಕೆಗೂ ಒಂದೇ ತೂಕದ್ದಲ್ಲ. ತಿನ್ನುವ ತುಂಡಿಗೆ ಅದು ಲೆಕ್ಕಕ್ಕೇ ಇಲ್ಲ. ಸೋನಿ ಕಂಪನಿ 1989ರಲ್ಲಿ ಹೊರತಂದ ಎಂಡಿಆರ್–ಆರ್10 ಹೆಡ್‌ಫೋನಿನ ಕಂಪಿಸುವ ತೆಳುಪೊರೆ ಇದೇ ಸೆಲ್ಯುಲೋಸಿನದು. ಒಣಗಿದ ಹಾಳೆ ಬಿಗಿಯೂ ಹೌದು, ತನ್ನ ಅನುರಣನವನ್ನು ತಾನೇ ಬೇಗ ಅಡಗಿಸಿಕೊಳ್ಳುವಂಥದ್ದೂ ಹೌದು. ಎರಡು ಗುಣಗಳೂ ಒಟ್ಟಿಗೆ ಸಿಗುವುದು ಅಪರೂಪ. ಅಂಥ ಕೆಲಸಕ್ಕೆ ಒಂದು ಗಾಳಿಗುಳ್ಳೆ, ಒಂದು ಬಿಟ್ಟ ಪದರ ಇದ್ದರೂ ಹಾಳೆ ಕಸ.

ಮೊದಲ ನಾಲ್ಕು ದಿನ ಚೆನ್ನಾಗಿತ್ತು, ಆಮೇಲೆ ನಿಂತುಹೋಯಿತು

ಪಿಎಚ್ ಪಟ್ಟಿ ಅದ್ದಿ ನೋಡಿ. ಈ ಬ್ಯಾಕ್ಟೀರಿಯಾ ಗ್ಲೂಕೋಸ್‌ನ ಒಂದು ಪಾಲನ್ನು ಹಾಳೆಯಾಗಿಸದೆ ಗ್ಲುಕೋನಿಕ್ ಆಮ್ಲವಾಗಿಸುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಆಮ್ಲ ಹೆಚ್ಚು. ಪಿಎಚ್ 4ರಿಂದ ಕೆಳಕ್ಕೆ ಜಾರುತ್ತಾ ಹೋದರೆ ನೇಯ್ಗೆ ಸೊರಗುತ್ತದೆ. ಡಿಸೆಂಬರಿನ ಫೋನ್ ಕರೆಗಳಿಗೆ ‘ಸಕ್ಕರೆ ಹೆಚ್ಚಿಸಬೇಡಿ’ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ: ಚಳಿಯ ಕಾಯಿಲೆಗೆ ಆಮ್ಲದ ಕಾಯಿಲೆಯನ್ನೂ ಸೇರಿಸಿದಂತಾಗುತ್ತದೆ. ಲೀಟರಿಗೆ 20 ಗ್ರಾಂ ಮೀರದಿರಿ, ಅಥವಾ ಗ್ಲೂಕೋಸ್‌ನ ಅರ್ಧವನ್ನು ಮ್ಯಾನಿಟಾಲ್ ಇಲ್ಲವೇ ಗ್ಲಿಸರಿನ್‌ಗೆ ಬದಲಿಸಿ. ಅವುಗಳಿಂದ ಗ್ಲುಕೋನಿಕ್ ಆಮ್ಲ ನೇರವಾಗಿ ಹುಟ್ಟುವುದಿಲ್ಲ.

ಪಿಎಚ್ ಸರಿಯಾಗಿದ್ದೂ ನಿಂತಿದ್ದರೆ ಅದು ದೋಷವಲ್ಲದಿರಬಹುದು. ಹಾಳೆ ದಪ್ಪವಾದಂತೆ ಕೆಳಗಿನ ಸಕ್ಕರೆ ಮೇಲಿನ ಕೋಶಗಳಿಗೆ ತಲುಪುವುದು ತಡವಾಗುತ್ತದೆ. ಕೊಯ್ಲು ಮಾಡಿ.

ಹೆಪ್ಪೇ ಕೈಕೊಟ್ಟಾಗ

ದ್ರಾವಣ ಮಬ್ಬಾಗಿದೆ, ಹುಳಿ ವಾಸನೆ ಬರುತ್ತಿದೆ, ಜೀವವಂತೂ ಇದೆ, ಆದರೆ ಹಾಳೆ ಇಲ್ಲ. ಇದು ಅಲುಗಾಡಿಸುವ ಯಂತ್ರದಲ್ಲಿ ಹೆಪ್ಪು ಬೆಳೆಸುವವರ ದೋಷ. ಗಾಳಿ ಎಲ್ಲೆಡೆ ಸಿಗುವ ಕಡೆ ಹಾಳೆ ನೇಯುವ ಶ್ರಮ ದಂಡ. ನೇಯದ ರೂಪಾಂತರಿ ಕೋಶಗಳು ಬೇಗ ಹೆಚ್ಚಿ ಉಳಿದವನ್ನು ಹಿಂದೆ ಹಾಕುತ್ತವೆ. ಪೆಟ್ರಿ ತಟ್ಟೆಯಲ್ಲಿ ಹರಡಿದರೆ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ನೇಯುವ ಗುಂಪು ಒರಟಾಗಿ, ಗುಬುಟಾಗಿ ಇರುತ್ತದೆ, ಸೂಜಿಯಿಂದ ಎತ್ತಿದರೆ ಚರ್ಮದಂತೆ ಇಡಿಯಾಗಿ ಬರುತ್ತದೆ. ನೇಯದ್ದು ನುಣುಪಾಗಿ, ಹೊಳೆಯುತ್ತಾ, ಬೆಣ್ಣೆಯಂತೆ ಹರಡಿಕೊಳ್ಳುತ್ತದೆ. ಒರಟು ಗುಂಪನ್ನು ಮಾತ್ರ ಆರಿಸಿ ನಿಶ್ಚಲ ಟ್ರೇಯಲ್ಲಿ ಎರಡು ಮೂರು ತಲೆಮಾರು ಬೆಳೆಸಿ. ದ್ರಾವಣಕ್ಕೆ ನೂರಕ್ಕೆ ಒಂದು ಪಾಲು ಎಥನಾಲ್ ಸೇರಿಸಿದರೆ ಇಂಥ ರೂಪಾಂತರಿಗಳ ಹಾವಳಿ ತಗ್ಗುತ್ತದೆ, ಇಳುವರಿಯೂ ಏರುತ್ತದೆ.

ಕೊಂಬುಚಾ ಎಂಬ ಹುದುಗಿಸಿದ ಚಹಾ ಪಾನೀಯದ ತಾಯಿಪೊರೆಯಿಂದ ಶುರು ಮಾಡಿದವರಿಗೆ ಇನ್ನೊಂದು ತೊಡಕು: ಅದರಲ್ಲಿ ಯೀಸ್ಟ್‌ಗಳೂ ಇರುತ್ತವೆ. ಚೀಲ, ಅಲಂಕಾರದ ಹಾಳೆಗೆ ನಡೆಯುತ್ತದೆ. ಅಳತೆಯ ಕೆಲಸಕ್ಕೆ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಸೂಕ್ಷ್ಮಜೀವಿ ಸಂಗ್ರಹದಿಂದ ಶುದ್ಧ ತಳಿ ತರಿಸಿಕೊಳ್ಳಿ. ನಾನು ಆರಂಭದಲ್ಲಿ ಮಾರಾಟಗಾರರೊಬ್ಬರು ‘ಶುದ್ಧ’ ಎಂದು ಕೊಟ್ಟ ಬಾಟಲಿಯನ್ನು ನಂಬಿ ಮೂರು ತಿಂಗಳು ಕಳೆದುಕೊಂಡೆ. ಸೂಕ್ಷ್ಮದರ್ಶಕದಲ್ಲಿ ಮೊದಲ ದಿನವೇ ನೋಡಬೇಕಿತ್ತು. ಸಣ್ಣ ಕಡ್ಡಿಗಳಂಥ ಬ್ಯಾಕ್ಟೀರಿಯಾ ನಡುವೆ ದೊಡ್ಡ ಮೊಟ್ಟೆಯಾಕಾರದ ಯೀಸ್ಟ್ ಕೋಶಗಳು ಯಾರಿಗಾದರೂ ಎದ್ದು ಕಾಣುತ್ತವೆ.

ಬೂಷ್ಟು, ಗುಳ್ಳೆ, ನೊಣ

ಹಾಳೆಯ ಮೇಲೆ ಒಣಗಿದ, ರೋಮದಂಥ, ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ ಬೂಷ್ಟು. ಕತ್ತರಿಸಿ ಉಳಿಸಿಕೊಳ್ಳಲು ಹೋಗಬೇಡಿ, ಇಡೀ ಟ್ರೇಯನ್ನು ಕುದಿಸಿ ಎಸೆಯಿರಿ. ಕಂದು ಬಣ್ಣದ, ಒದ್ದೆಯಾದ, ಜೋತಾಡುವ ಎಳೆಗಳು ಕೆಳಗೆ ಕಂಡರೆ ಅದು ಬೂಷ್ಟಲ್ಲ, ಯೀಸ್ಟ್. ಹಾಳೆಯ ಹೊಟ್ಟೆಯಲ್ಲಿ ದೊಡ್ಡ ಗುಳ್ಳೆ ಉಬ್ಬಿ ಅದನ್ನು ಪೂರಿಯಂತೆ ಮೇಲೆತ್ತಿದ್ದರೂ ಮೊದಲು ಅನುಮಾನಿಸಬೇಕಾದದ್ದು ಯೀಸ್ಟನ್ನೇ. ಹುಳಿ ವಾಸನೆಗೆ ಹಣ್ಣಿನ ನೊಣಗಳು ಮಾವಿನ ಕಾಲದಲ್ಲಿ ಹಿಂಡಾಗಿ ಬರುತ್ತವೆ; ಬಟ್ಟೆಗೆ ರಬ್ಬರ್ ಪಟ್ಟಿ ಬಿಗಿಯಾಗಿರಲಿ, ಅಂಚು ದ್ರಾವಣಕ್ಕೆ ತಾಗಿ ಒದ್ದೆಯಾಗದಿರಲಿ.

ಶುಚಿಯಾಗಿ ಮಾಡಿದರೂ ಮತ್ತೆ ಮತ್ತೆ ಬೂಷ್ಟು ಬರುತ್ತಿದ್ದರೆ, ದ್ರಾವಣವನ್ನು ಬೇಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ನಿಮ್ಮ ಪ್ರೆಶರ್ ಕುಕ್ಕರನ್ನು ಪ್ರಶ್ನಿಸಿ. ಪುಸ್ತಕದಲ್ಲಿ ‘15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ’ ಎಂದಿರುತ್ತದೆ. ಅದು ಕಡಲ ಮಟ್ಟದ ಲೆಕ್ಕ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ; ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಹೊರಗಿನ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಅದೇ 15 ಪೌಂಡಿಗೆ ಒಳಗಿನ ಉಗಿ 119 ಡಿಗ್ರಿಯ ಸುಮಾರಿಗೆ ನಿಲ್ಲುತ್ತದೆ. ಒಳಗಿನ ಗಾಳಿಯೆಲ್ಲ ಹೊರಹೋಗಿ ಉಗಿ ಧಾರೆಯಾಗಿ ಬರುವವರೆಗೆ ಕಾದು, ಆಮೇಲೆ ತೂಕ ಇಟ್ಟು, 30 ನಿಮಿಷ ಬಿಡಿ. ಗ್ಲೂಕೋಸ್ ಅನ್ನು ಬೇರೆ ಬಾಟಲಿಯಲ್ಲಿ ಬೇಯಿಸಿ ತಣಿದ ಮೇಲೆ ಬೆರೆಸಿ. ಪೆಪ್ಟೋನ್ ಜೊತೆಗೆ ಬೇಯಿಸಿದರೆ ದ್ರಾವಣ ಕಂದಾಗುತ್ತದೆ, ಆ ಬಣ್ಣ ಹಾಳೆಗೂ ಹತ್ತುತ್ತದೆ.

ತೊಳೆದ ಮೇಲೆ ಹುಟ್ಟುವ ದೋಷ

ಟ್ರೇಯಲ್ಲಿ ಸೊಗಸಾಗಿದ್ದ ಹಾಳೆ ತೊಳೆಯುವಾಗ ಕೆಟ್ಟರೂ ಜನ ಹೆಪ್ಪನ್ನೇ ದೂರುತ್ತಾರೆ. ಹಳದಿ ಉಳಿದರೆ, ತೊಳೆಯಲು ಬಳಸಿದ ಕ್ಷಾರದ (ಕಾಸ್ಟಿಕ್ ಸೋಡಾದ) ಬಿಸಿನೀರನ್ನು ಬದಲಿಸಿ ಇನ್ನೊಂದು ಸಲ ಮಾಡಿ. ಬಟ್ಟೆಯ ಬ್ಲೀಚ್ ಬೇಡ, ಅದು ಸೆಲ್ಯುಲೋಸ್ ಸರಪಳಿಯನ್ನೇ ಕತ್ತರಿಸುತ್ತದೆ. ಬೇಗ ಬಿಳುಪಾಗಲಿ ಎಂದು ಕಾಸ್ಟಿಕ್ ಸೋಡಾವನ್ನು ನೂರಕ್ಕೆ ಹತ್ತು, ಹದಿನೈದಕ್ಕೆ ಏರಿಸುವುದು ಇನ್ನೂ ದೊಡ್ಡ ತಪ್ಪು. ನಾರಿನೊಳಗಿನ ಹರಳಿನ ಜೋಡಣೆಯೇ ಬದಲಾಗಿ ಹಾಳೆ ಮುದುಡುತ್ತದೆ, ಮೂಲ ಬಿಗಿ ಮರಳಿ ಬರುವುದಿಲ್ಲ.

ತೊಳೆದ ಹಾಳೆಯ ಮೇಲೆ ಸುಣ್ಣದ ಧೂಳಿನಂಥ ಬಿಳಿ ಕಲೆಯಿದ್ದರೆ ಒಂದು ಹನಿ ವಿನೆಗರ್ ಬಿಡಿ. ಕಣ್ಣಿಗೆ ಹತ್ತಿರ ಹಿಡಿದರೆ ಸೂಜಿಮೊನೆಯಂಥ ಗುಳ್ಳೆಗಳು ಸಾಲಾಗಿ ಏಳುವುದು ಕಾಣುತ್ತದೆ. ಅದು ಸುಣ್ಣವೇ, ಬೋರ್‌ವೆಲ್ ನೀರಿನ ಗಡಸುತನ ಕ್ಷಾರದೊಡನೆ ಸೇರಿ ನಾರಿನ ಸಂದಿಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕುಳಿತಿದೆ. ತಿಳಿ ವಿನೆಗರ್‌ನಲ್ಲಿ ನೆನೆಸಿ ತೆಗೆಯಿರಿ. ಮುಂದಿನ ಸಲ ಕ್ಷಾರ ಕಲಸುವುದರಿಂದ ಕೊನೆಯ ತೊಳೆತದವರೆಗೂ ಬಟ್ಟಿ ಇಳಿಸಿದ ನೀರನ್ನೇ ಬಳಸಿ.

ಗಾಯಕ್ಕೆ ಹಾಕುವ ಪಟ್ಟಿಯಾಗಿ ಈ ಹಾಳೆ ಜಗತ್ತಿನಲ್ಲಿ ಬಳಕೆಯಲ್ಲಿದೆ. ಒದ್ದೆಯಾಗಿಟ್ಟು ತಂಪು ಕೊಡುತ್ತದೆ, ಅಂಟದೆ ಬಿಡಿಸಿಕೊಳ್ಳುತ್ತದೆ. ಆದರೆ ಮನೆಯಲ್ಲಿ ಬೆಳೆದದ್ದನ್ನು ಯಾರ ಗಾಯದ ಮೇಲೂ ಇಡಬೇಡಿ, ಇದನ್ನು ನಾನು ಬೇಡಿಕೊಂಡು ಹೇಳುತ್ತೇನೆ. ಸತ್ತ ಬ್ಯಾಕ್ಟೀರಿಯಾದ ಹೊರಕವಚದ ಎಂಡೋಟಾಕ್ಸಿನ್ ಮಲ್ಲಿಗೆಯಷ್ಟು ಬೆಳ್ಳಗಿರುವ ಹಾಳೆಯಲ್ಲೂ ಅಡಗಿರಬಹುದು. ಅದು ಕಣ್ಣಿಗೆ ಕಾಣುವ ದೋಷವಲ್ಲ. ಎಂಡೋಟಾಕ್ಸಿನ್ ಪತ್ತೆಹಚ್ಚುವ ಎಲ್‌ಎಎಲ್‌ನಂಥ ಪ್ರಯೋಗಾಲಯ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಒಣಗಿದ ಹಾಳೆ ಮತ್ತೆ ಉಬ್ಬುವುದಿಲ್ಲ

ಉಬ್ಬುವುದಿಲ್ಲ, ನಿಜ. ಓವನ್‌ನಲ್ಲಿ ಒಣಗಿಸಿದಾಗ ನೀರು ಹೊರಡುತ್ತಾ ನಾರುಗಳನ್ನು ಒಂದಕ್ಕೊಂದು ಎಳೆದು ತರುತ್ತದೆ. ಅವುಗಳ ನಡುವೆ ಹೈಡ್ರೋಜನ್ ಬಂಧಗಳು ಕಟ್ಟಿಕೊಂಡು, ರಂಧ್ರಗಳು ಮುಚ್ಚಿ, ಹಾಳೆ ಗಾಳಿಪಟದ ಕಾಗದದಂತಾಗುತ್ತದೆ. ಮತ್ತೆ ನೀರಿಗೆ ಹಾಕಿದರೆ ಮೊದಲಿನ ನೀರಿನ ಒಂದು ಸಣ್ಣ ಪಾಲನ್ನು ಮಾತ್ರ ಹೀರುತ್ತದೆ. ಬಿಗಿಯಾದ, ಪಾರದರ್ಶಕಕ್ಕೆ ಹತ್ತಿರವಾದ ಹಾಳೆ ಬೇಕಿದ್ದರೆ ಇದು ದೋಷವಲ್ಲ, ಬೇಕಾದ ಗುಣವೇ. ಸ್ಪಂಜಿನಂಥ ಹಾಳೆ ಬೇಕಿದ್ದರೆ ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ನಿರ್ವಾತದಲ್ಲಿ ಒಣಗಿಸಬೇಕು. ಆ ಯಂತ್ರ ಇಲ್ಲದವರು ಒಣಗಿಸಲೇಬೇಡಿ, ಶುದ್ಧ ನೀರಿನಲ್ಲಿ ಮುಚ್ಚಿಟ್ಟು ಫ್ರಿಜ್ಜಿನೊಳಗೆ ಇಡಿ. ಚರ್ಮದಂತೆ ಬಾಗಬೇಕಿದ್ದರೆ ಒಣಗಿಸುವ ಮೊದಲು ಗ್ಲಿಸರಿನ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ.

ಗಾಜಿನ ಮೇಲೆ ಒಣಗಿಸಿದವರ ದೂರು ಬೇರೆ: ಹಾಳೆ ಏಳುವುದೇ ಇಲ್ಲ. ಚಾಕು ಹಾಕಿ ಕೆರೆದರೆ ಅಂಚು ಸೀಳುತ್ತದೆ. ಗಾಜನ್ನು ಹಾಗೆಯೇ ನೀರಿನಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಒಂದು ಮೂಲೆ ತಾನಾಗಿಯೇ ಎದ್ದಿರುತ್ತದೆ. ಅಲ್ಲಿಂದ ಎರಡು ಬೆರಳಿನಲ್ಲಿ ಹಿಡಿದು, ಮೇಲಕ್ಕೆತ್ತದೆ, ಹಿಂದಕ್ಕೆ ಮಡಚುತ್ತಾ ಎಳೆಯಿರಿ. ಮುಂದಿನ ಸಲ ಗಾಜಿನ ಬದಲು ಸಿಲಿಕೋನ್ ಹಾಸಿನ ಮೇಲೆ ಒಣಗಿಸಿ.